ಕಡಲಾಳಕ್ಕೆ ಕಿರುನೌಕೆ

ಕೊಳವೆಬಾವಿಗೆ ಇಳಿಬಿಡುವ ಸಬ್‌ಮರ್ಸಿಬಲ್ ಪಂಪನ್ನು ನಿಮ್ಮಲ್ಲಿ ಬಹಳ ಮಂದಿ ನೋಡಿದ್ದೀರಿ. ನೀರಿನಲ್ಲಿ ಮುಳುಗಿದ್ದುಕೊಂಡೇ ಕೆಲಸ ಮಾಡುವಂಥದು ಎಂಬುದು ಆ ಹೆಸರಿನ ಅರ್ಥ. ಇದೇ ಹೆಸರಿನ ಇನ್ನೊಂದು ಯಂತ್ರವಿದೆ. ಅದರೊಳಗೆ ಇಬ್ಬರೋ ಮೂವರೋ ಕುಳಿತು ಸಮುದ್ರದ ಆಳಕ್ಕಿಳಿದು, ಅಲ್ಲಿನದನ್ನು ಕಣ್ಣಾರೆ ಕಂಡು, ಅದೇ ದಿನ ಮೇಲೆ ಬರಬಹುದು. ಇಂತಹ ಕಿರುನೌಕೆಗಳನ್ನು ಒಂದು ಕಾಲದಲ್ಲಿ ಸರ್ಕಾರಗಳು ಮತ್ತು ದೊಡ್ಡ ಸಂಶೋಧನಾ ಸಂಸ್ಥೆಗಳು ಮಾತ್ರ ಹೊಂದಿದ್ದವು. ಈಗ ಅವುಗಳನ್ನು ವಿನ್ಯಾಸ ಮಾಡಿ ಮಾರುವ ಖಾಸಗಿ ಕಂಪನಿಗಳಿವೆ. ಅಮೆರಿಕದ ಫ್ಲಾರಿಡಾ ರಾಜ್ಯದ ಟ್ರೈಟನ್ ಮತ್ತು ನೆದರ್‌ಲ್ಯಾಂಡ್ಸ್‌ನ ಯು-ಬೋಟ್ ವರ್ಕ್ಸ್ ಇವುಗಳಲ್ಲಿ ಹೆಸರಾದವು.

ಯುದ್ಧದಲ್ಲಿ ಬಳಸುವ ಜಲಾಂತರ್ಗಾಮಿಗೂ ಈ ಕಿರುನೌಕೆಗೂ ವ್ಯತ್ಯಾಸವಿದೆ. ಜಲಾಂತರ್ಗಾಮಿ ಬಂದರಿನಿಂದ ತಾನೇ ಹೊರಟು ವಾರಗಟ್ಟಲೆ ಸಂಚರಿಸಬಲ್ಲುದು. ಆದರೆ ಅದು ಇಳಿಯುವುದು ಕೆಲವು ನೂರು ಮೀಟರ್‌ಗಳಷ್ಟು ಮಾತ್ರ. ಕಿರುನೌಕೆಯನ್ನು ಹಡಗೊಂದು ಹೊತ್ತುಕೊಂಡು ಹೋಗಿ, ಕ್ರೇನಿನಿಂದ ನೀರಿಗಿಳಿಸಿ, ಕೆಲವು ಗಂಟೆಗಳ ನಂತರ ಮತ್ತೆ ಎತ್ತಿಕೊಳ್ಳಬೇಕು. ದೂರ ಹೋಗಲಾರದಿದ್ದರೂ ಅದು ಬಹು ಆಳಕ್ಕೆ ಹೋಗುತ್ತದೆ.

ನೀರಿನ ಭಾರ

ಬಾವಿಯಲ್ಲಿ ಮುಳುಗು ಹಾಕಿದವರಿಗೆ ಕಿವಿ ಒತ್ತಿದಂತಾಗುವುದು ಗೊತ್ತು. ಅದು ಮೇಲಿರುವ ನೀರಿನ ಭಾರ. ಪ್ರತಿ 10 ಮೀಟರ್ ಆಳಕ್ಕೆ ಒತ್ತಡವು ಒಂದು ವಾತಾವರಣದಷ್ಟು, ಅಂದರೆ ಚದರ ಸೆಂಟಿಮೀಟರಿಗೆ ಸುಮಾರು ಒಂದು ಕಿಲೋಗ್ರಾಂನಷ್ಟು ಹೆಚ್ಚುತ್ತದೆ. ಅಡುಗೆಮನೆಯ ಕುಕ್ಕರ್ ಸೀಟಿ ಹಾಕುವಾಗ ಅದರೊಳಗೆ ಇರುವ ಹೆಚ್ಚುವರಿ ಒತ್ತಡವೂ ಸುಮಾರು ಇಷ್ಟೇ. 1,000 ಮೀಟರ್ ಆಳದಲ್ಲಿ ನಿಮ್ಮ ಅಂಗೈಯಷ್ಟು, ಅಂದರೆ ಸುಮಾರು 100 ಚದರ ಸೆಂಟಿಮೀಟರಿನ ಜಾಗದ ಮೇಲೆ ಬೀಳುವ ಭಾರ 10 ಟನ್! ಸಾಗರದ ಅತಿ ಆಳದ ತಾಣವಾದ ಪೆಸಿಫಿಕ್‌ನ ಚಾಲೆಂಜರ್ ಡೀಪ್ ಸುಮಾರು 10,900 ಮೀಟರ್ ಕೆಳಗಿದೆ. ಅಲ್ಲಿ ಅದೇ ಅಂಗೈ ಜಾಗದ ಮೇಲೆ 100 ಟನ್ನಿಗೂ ಮಿಕ್ಕಿದ ಭಾರ.

ಇಷ್ಟು ಒತ್ತಡದ ನಡುವೆಯೂ ಒಳಗೆ ಕುಳಿತವರಿಗೆ ನೆಲದ ಮೇಲಿರುವಷ್ಟೇ ಒತ್ತಡವಿರಬೇಕು. ವಿನ್ಯಾಸಕಾರರ ಮುಂದಿರುವ ಮೊದಲ ಪ್ರಶ್ನೆಯೇ ಇದು.

ಗೋಳವೇ ಏಕೆ?

ಒಂದು ಕೋಳಿಮೊಟ್ಟೆಯನ್ನು ಅಂಗೈಯಲ್ಲಿಟ್ಟು ಎಲ್ಲ ಕಡೆಯಿಂದಲೂ ಸಮನಾಗಿ ಹಿಸುಕಿರಿ. ಅದು ಸುಲಭವಾಗಿ ಒಡೆಯುವುದಿಲ್ಲ. ಒಂದೇ ಕಡೆ ಬೆರಳಿನಿಂದ ಒತ್ತಿದರೆ ಒಡೆಯುತ್ತದೆ. ದುಂಡನೆಯ ಕವಚದಲ್ಲಿ ಭಾರವು ಎಲ್ಲೆಡೆಗೂ ಹಂಚಿಹೋಗುತ್ತದೆ. ಮೂಲೆಗಳಿಲ್ಲದ ಕಾರಣ ಒಂದೇ ಕಡೆ ಕೂಡಿಕೊಳ್ಳುವುದಿಲ್ಲ. ಆದ್ದರಿಂದಲೇ ಆಳಕ್ಕಿಳಿಯುವ ನೌಕೆಗಳಲ್ಲಿ ಜನರು ಕೂರುವ ಕೋಣೆ ಸಾಮಾನ್ಯವಾಗಿ ಗೋಳಾಕಾರವಾಗಿರುತ್ತದೆ. 1934ರಲ್ಲಿ ವಿಲಿಯಂ ಬೀಬಿ ಮತ್ತು ಓಟಿಸ್ ಬಾರ್ಟನ್ ಬರ್ಮುಡಾ ಬಳಿ 923 ಮೀಟರ್ ಇಳಿದದ್ದು ಹಡಗಿನಿಂದ ಉಕ್ಕಿನ ಹಗ್ಗ ಕಟ್ಟಿ ಇಳಿಬಿಟ್ಟ ಇಂತಹ ಉಕ್ಕಿನ ಗೋಳದಲ್ಲೇ.

ಆ ಗೋಳಕ್ಕೆ ಇದ್ದದ್ದು ಪುಟ್ಟ ಕಿಟಕಿಗಳು. ಇಂದಿನ ಅನೇಕ ಕಿರುನೌಕೆಗಳಲ್ಲಿ ಗೋಳವೇ ಕಿಟಕಿ! ಅದು ಗಾಜಲ್ಲ, ಹಲವು ಅಂಗುಲ ದಪ್ಪದ ಅಕ್ರಿಲಿಕ್ ಎಂಬ ಪಾರದರ್ಶಕ ಪ್ಲಾಸ್ಟಿಕ್. ಎರಡು ಅರ್ಧಗೋಳಗಳನ್ನು ಮಾಡಿ, ಬೆಸೆದು, ಒಳಗೆ ಬಿಗಿತ ಉಳಿಯದಂತೆ ಒಲೆಯಲ್ಲಿಟ್ಟು ನಿಧಾನವಾಗಿ ಆರಿಸುತ್ತಾರೆ. ಅಕ್ರಿಲಿಕ್‌ನ ವಕ್ರೀಭವನ ಸೂಚ್ಯಂಕ 1.49, ನೀರಿನದು 1.33. ಇವೆರಡೂ ಹತ್ತಿರವಿರುವುದರಿಂದ ನೀರಿಗಿಳಿದೊಡನೆ ಗೋಳದ ಹೊರಮೈ ಬಹುಮಟ್ಟಿಗೆ ಕಣ್ಣಿಗೆ ಕಾಣದಾಗುತ್ತದೆ. ಒಳಗಿನವರಿಗೆ ತಾವು ನೀರಿನ ನಡುವೆಯೇ ಕುಳಿತಂತೆ ತೋರುತ್ತದೆ.

ಟ್ರೈಟನ್ ಕಂಪನಿಯ ನೌಕೆಗಳ ಹೆಸರಿನಲ್ಲೇ ಅವುಗಳ ಶಕ್ತಿಯ ವಿವರವಿದೆ. ‘3300/3’ ಎಂದರೆ 3,300 ಅಡಿ, ಅಂದರೆ 1,000 ಮೀಟರ್ ಆಳಕ್ಕೆ ಮೂವರನ್ನು ಒಯ್ಯುವ ನೌಕೆ. 2012ರಲ್ಲಿ ಜಪಾನಿನ ಒಗಸವಾರ ದ್ವೀಪಗಳ ಬಳಿ ಇಂತಹುದೇ ನೌಕೆಯಲ್ಲಿ ಕುಳಿತ ವಿಜ್ಞಾನಿ ತ್ಸುನೆಮಿ ಕುಬೊಡೆರ ಅವರು ದೈತ್ಯ ಸ್ಕ್ವಿಡ್ ಎಂಬ ಪ್ರಾಣಿಯನ್ನು ಅದರ ನೆಲೆಯಲ್ಲೇ, ಕತ್ತಲ ನೀರಿನಲ್ಲಿ, ನೇರವಾಗಿ ಕಂಡರು. ಅಲ್ಲಿಯವರೆಗೆ ಅದರ ಬಗ್ಗೆ ತಿಳಿದದ್ದೆಲ್ಲ ಹೆಚ್ಚಾಗಿ ದಡಕ್ಕೆ ಬಿದ್ದ ಕಳೇಬರಗಳಿಂದ. ಜಪಾನಿನ ಸಾರ್ವಜನಿಕ ಪ್ರಸಾರ ಸಂಸ್ಥೆ ಎನ್.ಎಚ್.ಕೆ. 2013ರಲ್ಲಿ ಆ ದೃಶ್ಯಗಳನ್ನು ಪ್ರಸಾರ ಮಾಡಿತು.

ಮುಳುಗುವುದು, ನಿಲ್ಲುವುದು, ಏಳುವುದು

ಆರ್ಕಿಮಿಡೀಸನ ತತ್ವವನ್ನು ನೀವು ಓದಿದ್ದೀರಿ. ವಸ್ತುವು ತಾನು ಸ್ಥಳಾಂತರಿಸಿದ ನೀರಿಗಿಂತ ಹಗುರವಾಗಿದ್ದರೆ ತೇಲುತ್ತದೆ, ಭಾರವಾಗಿದ್ದರೆ ಮುಳುಗುತ್ತದೆ, ಸಮನಾಗಿದ್ದರೆ ಇದ್ದಲ್ಲೇ ನಿಲ್ಲುತ್ತದೆ. ನೌಕೆಯ ಪಕ್ಕದ ತೊಟ್ಟಿಗಳಲ್ಲಿ ಗಾಳಿ ತುಂಬಿರುವಾಗ ಅದು ತೇಲುತ್ತಿರುತ್ತದೆ. ಗಾಳಿಯನ್ನು ಹೊರಬಿಟ್ಟು ನೀರು ತುಂಬಿದರೆ ಇಳಿಯತೊಡಗುತ್ತದೆ. ಬೇಕಾದ ಆಳದಲ್ಲಿ ತೂಕವನ್ನು ಸೂಕ್ಷ್ಮವಾಗಿ ಸರಿಹೊಂದಿಸಿ ನಿಲ್ಲಿಸಬಹುದು. ನಂತರ ಬ್ಯಾಟರಿಯಿಂದ ತಿರುಗುವ ಪಂಖಗಳು ಅದನ್ನು ಹಿಂದೆ, ಮುಂದೆ, ಪಕ್ಕಕ್ಕೆ ಚಲಿಸುತ್ತವೆ.

ಬಹು ಆಳದಲ್ಲಿ ಮಾತ್ರ ತೊಟ್ಟಿಯ ನೀರನ್ನು ಗಾಳಿಯಿಂದ ಹೊರದಬ್ಬುವುದು ಕಷ್ಟ. ಹೊರಗಿನ ಒತ್ತಡ ಅಷ್ಟಿರುತ್ತದೆ. ಅಲ್ಲಿ ಬೇರೆ ಉಪಾಯ. ನೌಕೆ ಕಬ್ಬಿಣದ ತೂಕಗಳನ್ನು ಹೊತ್ತು ಇಳಿಯುತ್ತದೆ. ಏಳಬೇಕಾದಾಗ ಅವುಗಳನ್ನು ಕಳಚಿಬಿಡುತ್ತದೆ. 1960ರ ಜನವರಿ 23ರಂದು ಜಾಕ್ ಪಿಕಾರ್ಡ್ ಮತ್ತು ಡಾನ್ ವಾಲ್ಶ್ ಅವರನ್ನು ಚಾಲೆಂಜರ್ ಡೀಪ್‌ಗೆ ಮೊದಲ ಬಾರಿಗೆ ಒಯ್ದ ‘ಟ್ರಿಯೆಸ್ಟ್’ ಹೀಗೆಯೇ ಮೇಲೆ ಬಂತು. ತೇಲಲೆಂದು ಅದು ನೀರಿಗಿಂತ ಹಗುರವಾದ ಪೆಟ್ರೋಲನ್ನು ದೊಡ್ಡ ತೊಟ್ಟಿಯಲ್ಲಿ ಹೊತ್ತಿತ್ತು. ಇಂದು ಅದರ ಬದಲು ಟೊಳ್ಳಾದ ಗಾಜಿನ ಸೂಕ್ಷ್ಮ ಗುಂಡುಗಳನ್ನು ರಾಳದಲ್ಲಿ ಹುದುಗಿಸಿದ ಗಟ್ಟಿ ಪದಾರ್ಥವನ್ನು ಬಳಸುತ್ತಾರೆ. ಅದು ಒತ್ತಡಕ್ಕೆ ಕುಗ್ಗುವುದಿಲ್ಲ, ನೀರಿಗಿಂತ ಹಗುರ.

ರೇಡಿಯೋ ತರಂಗಗಳು ಸಮುದ್ರದ ನೀರಿನಲ್ಲಿ ದೂರ ಹೋಗಲಾರವು. ಆದ್ದರಿಂದ ಹಡಗಿನೊಂದಿಗೆ ಮಾತುಕತೆ ಶಬ್ದತರಂಗಗಳ ಮೂಲಕ. ನೀರಿನಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 1,500 ಮೀಟರ್. ಹಾಗಾದರೆ ಚಾಲೆಂಜರ್ ಡೀಪ್‌ನ ತಳದಿಂದ ಕಳಿಸಿದ ಮಾತು ಮೇಲೆ ಕೇಳಲು ಎಷ್ಟು ಹೊತ್ತು? ಲೆಕ್ಕ ಹಾಕಿ: ಏಳು ಸೆಕೆಂಡಿಗೂ ಹೆಚ್ಚು. ಉತ್ತರ ಬರಲು ಮತ್ತೆ ಅಷ್ಟೇ.

ಉಸಿರಿನ ಲೆಕ್ಕ

ಮುಚ್ಚಿದ ಗೋಳದಲ್ಲಿ ಮೊದಲು ಆಮ್ಲಜನಕ ಮುಗಿಯುತ್ತದೆಂದು ನೀವು ಭಾವಿಸಬಹುದು. ಅದಕ್ಕೂ ಮುನ್ನ ತೊಂದರೆ ಕೊಡುವುದು ನಾವೇ ಹೊರಬಿಡುವ ಕಾರ್ಬನ್ ಡೈಆಕ್ಸೈಡ್. ಅದು ಹೆಚ್ಚಿದರೆ ತಲೆನೋವು, ಏದುಸಿರು, ಕೊನೆಗೆ ಪ್ರಜ್ಞೆ ತಪ್ಪುವುದು. ಆದ್ದರಿಂದ ಸಿಲಿಂಡರಿನಿಂದ ಆಮ್ಲಜನಕವನ್ನು ಅಳೆದು ಬಿಡುವುದರ ಜತೆಗೆ, ಒಳಗಿನ ಗಾಳಿಯನ್ನು ಸುಣ್ಣದ ಜಾತಿಯ ರಾಸಾಯನಿಕದ ಮೂಲಕ ಹಾಯಿಸಿ ಆ ಅನಿಲವನ್ನು ಹೀರಿಸಲಾಗುತ್ತದೆ. ಇಂದಿನ ನೌಕೆಗಳಲ್ಲಿ ತುರ್ತು ಸಂದರ್ಭಕ್ಕೆಂದು 96 ಗಂಟೆಗಳಿಗೆ ಸಾಕಾಗುವಷ್ಟು ವ್ಯವಸ್ಥೆಯನ್ನು ಸಾಮಾನ್ಯವಾಗಿ ಇಟ್ಟಿರುತ್ತಾರೆ.

ಈ ಎಚ್ಚರದ ಹಿಂದೆ ಕಹಿ ಅನುಭವವಿದೆ. 1973ರ ಜೂನ್‌ನಲ್ಲಿ ಫ್ಲಾರಿಡಾ ಬಳಿ ‘ಜಾನ್ಸನ್ ಸೀ ಲಿಂಕ್’ ಎಂಬ ನೌಕೆ ಮುಳುಗಿದ ಹಡಗೊಂದರ ಅವಶೇಷಕ್ಕೆ ಸಿಕ್ಕಿಕೊಂಡಿತು. ಮುಂದಿನ ಅಕ್ರಿಲಿಕ್ ಗೋಳದಲ್ಲಿ ಇಬ್ಬರಿದ್ದರು, ಹಿಂದಿನ ಅಲ್ಯೂಮಿನಿಯಂ ಕೋಣೆಯಲ್ಲಿ ಇಬ್ಬರು. ಅಲ್ಯೂಮಿನಿಯಂ ಉಷ್ಣವನ್ನು ಬೇಗ ಹೊರಬಿಡುವುದರಿಂದ ಹಿಂದಿನ ಕೋಣೆ ತಣ್ಣಗಾಯಿತು. ತಣ್ಣಗಾದ ರಾಸಾಯನಿಕ ಅನಿಲವನ್ನು ಸರಿಯಾಗಿ ಹೀರದಾಯಿತು. ಒಂದು ದಿನಕ್ಕೂ ಹೆಚ್ಚು ಹೊತ್ತಿನ ನಂತರ ನೌಕೆಯನ್ನು ಮೇಲೆತ್ತಿದಾಗ ಮುಂದಿನವರು ಬದುಕಿದ್ದರು. ಹಿಂದಿನ ಇಬ್ಬರು ಬದುಕುಳಿಯಲಿಲ್ಲ. ತೀರಿಕೊಂಡವರಲ್ಲಿ ಒಬ್ಬರು ನೌಕೆಯ ವಿನ್ಯಾಸಕಾರ ಎಡ್ವಿನ್ ಲಿಂಕ್ ಅವರ ಮಗ. ಪಾಠಪುಸ್ತಕದ ‘ಉಷ್ಣ ವಾಹಕ’ ಎಂಬ ಒಂದು ಮಾತಿನ ಮೇಲೆ ಅಲ್ಲಿ ಜೀವ ನಿಂತಿತ್ತು.

ತಳ ಮುಟ್ಟಿದ ನೌಕೆ

ಟ್ರಿಯೆಸ್ಟ್ ಇಳಿದ ನಂತರ 2012ರಲ್ಲಿ ಚಲನಚಿತ್ರ ನಿರ್ದೇಶಕ ಜೇಮ್ಸ್ ಕ್ಯಾಮರಾನ್ ಒಬ್ಬರೇ ಆ ತಳಕ್ಕೆ ಹೋಗಿ ಬಂದರು. ಐವತ್ತೆರಡು ವರ್ಷಗಳಲ್ಲಿ ಒಟ್ಟು ಮೂವರು! ಒಮ್ಮೆ ಹೋಗಿಬರುವ ನೌಕೆಯಲ್ಲ, ಪದೇ ಪದೇ ಹೋಗಿಬರುವ ನೌಕೆ ಬೇಕೆಂದು ವಿಕ್ಟರ್ ವೆಸ್ಕೊವೊ ಎಂಬ ಅಮೆರಿಕನ್ ಸಾಹಸಿ ಟ್ರೈಟನ್ ಕಂಪನಿಯನ್ನು ಕೇಳಿದರು. ಹಾಗೆ ಸಿದ್ಧವಾದದ್ದು ‘ಲಿಮಿಟಿಂಗ್ ಫ್ಯಾಕ್ಟರ್’. ಅದರ ಕೋಣೆ 90 ಮಿಲಿಮೀಟರ್ ದಪ್ಪದ ಟೈಟೇನಿಯಂ ಗೋಳ. ಒಳಗಿನ ವ್ಯಾಸ ಒಂದೂವರೆ ಮೀಟರ್. ಇಬ್ಬರಿಗೆ ಮಾತ್ರ ಜಾಗ.

2019ರ ಏಪ್ರಿಲ್ 28ರಂದು ವೆಸ್ಕೊವೊ ಚಾಲೆಂಜರ್ ಡೀಪ್ ತಲಪಿದರು. ಮುಂದಿನ ಕೆಲವೇ ದಿನಗಳಲ್ಲಿ ಅದೇ ನೌಕೆ ಮತ್ತೆ ಮತ್ತೆ ಅಲ್ಲಿಗೆ ಇಳಿಯಿತು. ಕಂಪನಿಯ ಪ್ಯಾಟ್ರಿಕ್ ಲಾಹೆ ಹೋಗಿ ಬಂದರು. ನೌಕೆಯ ಸುರಕ್ಷತೆಗೆ ಪ್ರಮಾಣಪತ್ರ ಕೊಡುವ ಸಂಸ್ಥೆಯ ತಜ್ಞರೂ ಸ್ವತಃ ತಳದವರೆಗೆ ಇಳಿದು ಪರೀಕ್ಷಿಸಿದರು. 2020ರ ಜೂನ್‌ನಲ್ಲಿ, ಹಿಂದೆ ಬಾಹ್ಯಾಕಾಶದಲ್ಲಿ ನಡೆದಿದ್ದ ಕ್ಯಾಥಿ ಸಲಿವನ್ ಇದೇ ನೌಕೆಯಲ್ಲಿ ಹೋಗಿ ಆ ತಳ ಕಂಡ ಮೊದಲ ಮಹಿಳೆಯಾದರು.

ಪರೀಕ್ಷೆಯನ್ನು ಬಿಟ್ಟರೆ

ಎಲ್ಲರೂ ಈ ದಾರಿಯಲ್ಲಿ ನಡೆಯಲಿಲ್ಲ. ಅಮೆರಿಕದ ಇನ್ನೊಂದು ಕಂಪನಿ ಓಷನ್‌ಗೇಟ್ ತನ್ನ ‘ಟೈಟಾನ್’ ನೌಕೆಯ ಕೋಣೆಯನ್ನು ಗೋಳವಾಗಿ ಅಲ್ಲ, ಕೊಳವೆಯಾಕಾರವಾಗಿ, ಕಾರ್ಬನ್ ಫೈಬರಿನಿಂದ ಮಾಡಿತು. ಕೊಳವೆಯಲ್ಲಿ ಹೆಚ್ಚು ಜನ ಹಿಡಿಸುತ್ತಾರೆ, ಫೈಬರ್ ಹಗುರ. ಆದರೆ ಅದರ ಬಲವಿರುವುದು ಮುಖ್ಯವಾಗಿ ಎಳೆತವನ್ನು ತಾಳುವುದರಲ್ಲಿ. ಆಳದಲ್ಲಿ ಬೇಕಾದದ್ದು ಒತ್ತನ್ನು, ಅದೂ ಇಳಿದಾಗಲೆಲ್ಲ ಮತ್ತೆ ಮತ್ತೆ ಬೀಳುವ ಒತ್ತನ್ನು, ತಾಳುವ ಗುಣ. ಸ್ವತಂತ್ರ ಸಂಸ್ಥೆಯಿಂದ ಪ್ರಮಾಣಪತ್ರವನ್ನೂ ಕಂಪನಿ ಪಡೆಯಲಿಲ್ಲ. ಈ ಕ್ಷೇತ್ರದ ಅನೇಕ ತಜ್ಞರು 2018ರಲ್ಲೇ ಪತ್ರ ಬರೆದು ಎಚ್ಚರಿಸಿದ್ದರು. 2023ರ ಜೂನ್ 18ರಂದು, ಟೈಟಾನಿಕ್ ಹಡಗಿನ ಅವಶೇಷ ನೋಡಲು ಇಳಿಯುತ್ತಿದ್ದಾಗ, ನೌಕೆ ಕ್ಷಣಮಾತ್ರದಲ್ಲಿ ಒಳಕ್ಕೆ ಕುಸಿಯಿತು. ಕಂಪನಿಯ ಮುಖ್ಯಸ್ಥರೂ ಸೇರಿ ಐವರೂ ಸತ್ತರು.

ಹೊಸ ವಸ್ತು, ಹೊಸ ಆಕಾರಗಳನ್ನು ಪ್ರಯತ್ನಿಸಬಾರದೆಂದು ಇದರ ಅರ್ಥವಲ್ಲ. ಅಕ್ರಿಲಿಕ್ ಗೋಳವೂ ಒಮ್ಮೆ ಹೊಸದೇ ಆಗಿತ್ತು. ಅದನ್ನು ಮನುಷ್ಯರಿಗೆ ಒಪ್ಪಿಸುವ ಮುನ್ನ ಒತ್ತಡದ ತೊಟ್ಟಿಗಳಲ್ಲಿಟ್ಟು, ಒಡೆದು ನೋಡಿ, ಅದರ ಮಿತಿಯನ್ನು ತಿಳಿಯಲಾಯಿತು. ಮಾಡಿದವನೇ ಸರಿಯೆಂದರೆ ಸಾಲದು. ಲಾಭನಷ್ಟವಿಲ್ಲದ ಇನ್ನೊಬ್ಬರು ನೋಡಿ ಸರಿಯೆನ್ನಬೇಕು.

ನಮ್ಮ ದೇಶದಲ್ಲಿ

ಖಾಸಗಿ ಕಿರುನೌಕೆಗಳ ಬೆಲೆ ಹಲವು ಕೋಟಿ ರೂಪಾಯಿ. ಕೊಳ್ಳುವವರಲ್ಲಿ ಸಿರಿವಂತರೇ ಹೆಚ್ಚು. ಭಾರತ ಹಿಡಿದಿರುವುದು ಸಂಶೋಧನೆಯ ದಾರಿ. ಕೇಂದ್ರ ಸರ್ಕಾರ 2021ರಲ್ಲಿ ಒಪ್ಪಿದ ಆಳಸಾಗರ ಯೋಜನೆಯಡಿ ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆ ‘ಮತ್ಸ್ಯ 6000’ ಎಂಬ ನೌಕೆಯನ್ನು ರೂಪಿಸಿದೆ. ಮೂವರನ್ನು 6,000 ಮೀಟರ್ ಆಳಕ್ಕೆ ಒಯ್ಯುವುದು ಅದರ ಗುರಿ. ಕೋಣೆ ಟೈಟೇನಿಯಂ ಗೋಳವೇ, ಒಳವ್ಯಾಸ 2.1 ಮೀಟರ್. 2025ರ ಆರಂಭದಲ್ಲಿ ಚೆನ್ನೈ ಬಳಿಯ ಕಾಟ್ಟುಪಳ್ಳಿ ಬಂದರಿನಲ್ಲಿ ಅದನ್ನು ನೀರಿಗಿಳಿಸಿ ಮೊದಲ ಪರೀಕ್ಷೆಗಳನ್ನು ನಡೆಸಲಾಯಿತು. ಆಳಕ್ಕೆ ಕಳಿಸುವ ಮೊದಲು ಬಂದರಿನ ನೀರಿನಲ್ಲಿ ಪರೀಕ್ಷೆ. ಈ ನಿಧಾನ ಏಕೆಂದು ನಿಮಗೀಗ ತಿಳಿದಿದೆ. ಲೋಹಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ, ವಿದ್ಯುನ್ಮಾನ, ಎಲ್ಲವನ್ನೂ ಓದಿದವರಿಗೆ ಇಂತಹ ನೌಕೆಯಲ್ಲಿ ಕೆಲಸವಿದೆ.

ಮಾಡಿ ನೋಡಿ

ಪಾರದರ್ಶಕ ಪ್ಲಾಸ್ಟಿಕ್ ಬಾಟಲಿಯಲ್ಲಿ ಬಾಯಿಯವರೆಗೆ ನೀರು ತುಂಬಿ. ಔಷಧಿ ಹನಿಸುವ ಡ್ರಾಪರಿನೊಳಗೆ, ಅದು ತಲೆಯಷ್ಟೇ ಕಾಣುವಂತೆ ತೇಲುವಷ್ಟು ನೀರು ಎಳೆದುಕೊಂಡು, ಬಾಟಲಿಗೆ ಬಿಟ್ಟು ಮುಚ್ಚಳ ಬಿಗಿಯಿರಿ. ಬಾಟಲಿಯನ್ನು ಒತ್ತಿದರೆ ಡ್ರಾಪರ್ ಮುಳುಗುತ್ತದೆ, ಬಿಟ್ಟರೆ ಏಳುತ್ತದೆ. ಒತ್ತುವಾಗ ಡ್ರಾಪರಿನೊಳಗಿನ ನೀರಿನ ಮಟ್ಟವನ್ನು ಗಮನಿಸಿ. ಏನಾಯಿತು, ಏಕಾಯಿತು ಎಂಬುದನ್ನು ಬರೆದು ನಿಮ್ಮ ಅಧ್ಯಾಪಕರಿಗೆ ತೋರಿಸಿ.