ಮಾಸಿನೊಳಗೆ ಮೆಟ್‌ಫಾರ್ಮಿನ್

ಗರ್ಭಿಣಿಗೆ ಸಕ್ಕರೆ ಕಾಯಿಲೆಯ ಮಾತ್ರೆ ಬರೆದುಕೊಟ್ಟರೆ ಮನೆಯವರು ಮೊದಲು ಕೇಳುವುದು, ಅದು ಮಗುವನ್ನು ತಲುಪುತ್ತದೆಯೇ ಎಂದು. ಮೆಟ್‌ಫಾರ್ಮಿನ್ ಖಂಡಿತ ತಲುಪುತ್ತದೆ. ಹೆರಿಗೆಯ ಹೊತ್ತಿಗೆ ಹೊಕ್ಕುಳಬಳ್ಳಿಯ ರಕ್ತದಲ್ಲಿ ಅದರ ಪ್ರಮಾಣ ಹೆಚ್ಚುಕಡಿಮೆ ತಾಯಿಯ ರಕ್ತದಲ್ಲಿರುವಷ್ಟೇ ಇರುತ್ತದೆ. ಆದರೆ ಮಗುವಿಗಿಂತ ಮೊದಲು ಅದು ಮುಟ್ಟುವುದು ಮಾಸನ್ನು. ಮಾಸು ಹಾರ್ಮೋನು ಸ್ರವಿಸುವ, ತನ್ನ ಶಕ್ತಿಯನ್ನು ತಾನೇ ತಯಾರಿಸಿಕೊಳ್ಳುವ ಅಂಗ. ಮಾತ್ರೆಯ ಒಳಿತು ಕೆಡುಕುಗಳನ್ನು ಅಳೆಯುವಾಗ ಈ ಅಂಗವನ್ನು ಲೆಕ್ಕಕ್ಕೆ ಹಿಡಿಯಲೇಬೇಕು.

ಮೆಟ್‌ಫಾರ್ಮಿನ್ ಜೀವಕೋಶದ ಮೈಟೊಕಾಂಡ್ರಿಯದಲ್ಲಿ ಶಕ್ತಿ ಉತ್ಪಾದನೆಯ ಸರಪಳಿಯ ಮೊದಲ ಕೊಂಡಿಯನ್ನೇ ಸಡಿಲಿಸುತ್ತದೆ. ಇದರ ಒಂದು ಪರಿಣಾಮ ಆಶಾದಾಯಕವಾಗಿದೆ. ಗರ್ಭಿಣಿಯರಲ್ಲಿ ರಕ್ತದೊತ್ತಡ ಏರುವ ಪ್ರಿಎಕ್ಲಾಂಪ್ಸಿಯಾ ಎಂಬ ಕಾಯಿಲೆ ಆದವರ ಮಾಸು ಎಸ್‌ಎಫ್‌ಎಲ್‌ಟಿ-1 ಎಂಬ ಪ್ರೋಟೀನನ್ನು ಅತಿಯಾಗಿ ಸುರಿಸುತ್ತದೆ. ಅದು ತಾಯಿಯ ರಕ್ತನಾಳಗಳನ್ನು ಕೆಡಿಸಿ ರಕ್ತದೊತ್ತಡ ಏರಿಸುತ್ತದೆ. ಮೆಲ್ಬರ್ನ್‌ನ ಸಂಶೋಧಕರು 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಇಂಥ ಮಾಸಿನ ತುಣುಕುಗಳಿಗೆ ಮೆಟ್‌ಫಾರ್ಮಿನ್ ಹಾಕಿದಾಗ ಆ ಸ್ರಾವ ತಗ್ಗಿತು. ಆದರೆ ಪ್ರಯೋಗಾಲಯದ ಇಂಥ ಪರೀಕ್ಷೆಗಳಲ್ಲಿ ಬಳಸುವ ಪ್ರಮಾಣ, ಮಾತ್ರೆ ನುಂಗಿದವರ ರಕ್ತದಲ್ಲಿ ಸಿಗುವುದಕ್ಕಿಂತ ಹಲವು ಪಟ್ಟು ಹೆಚ್ಚು. ಈ ಆಕ್ಷೇಪ ನ್ಯಾಯವಾದದ್ದು. ಅದಕ್ಕೆ ಉತ್ತರ ರೋಗಿಗಳಲ್ಲೇ ಸಿಗಬೇಕು. ದಕ್ಷಿಣ ಆಫ್ರಿಕಾದಲ್ಲಿ ಅವಧಿಗೆ ಮುನ್ನವೇ ಪ್ರಿಎಕ್ಲಾಂಪ್ಸಿಯಾ ಕಂಡ 180 ಗರ್ಭಿಣಿಯರ ಮೇಲೆ ನಡೆದ ಪರೀಕ್ಷೆಯ ಫಲಿತಾಂಶ 2021ರಲ್ಲಿ ಬಂತು: ಮೆಟ್‌ಫಾರ್ಮಿನ್ ಗುಂಪಿನಲ್ಲಿ ಹೆರಿಗೆ ಮುಂದೆ ಹೋದ ಮಧ್ಯಾಂಕ ಅವಧಿ 17.7 ದಿನ, ಪ್ಲಾಸೀಬೊ ಎಂಬ ಹುಸಿ ಮಾತ್ರೆ ಪಡೆದವರಲ್ಲಿ 10.1. ಅಂತರ ದೊಡ್ಡದೇ; ಆದರೂ ಅದು ಆಕಸ್ಮಿಕವಲ್ಲ ಎನ್ನಲು ಇಷ್ಟು ಜನ ಸಾಲದು.

ಇನ್ನೊಂದು ಮುಖವೂ ಇದೆ. ಟೈಪ್ 2 ಮಧುಮೇಹವಿದ್ದು ಇನ್ಸುಲಿನ್ ತೆಗೆದುಕೊಳ್ಳುತ್ತಿದ್ದ 502 ಗರ್ಭಿಣಿಯರ ಅಧ್ಯಯನ, ಕೆನಡಾ ಮತ್ತು ಆಸ್ಟ್ರೇಲಿಯಾದ್ದು, 2020ರಲ್ಲಿ ಪ್ರಕಟವಾಯಿತು. ಜತೆಗೆ ಮೆಟ್‌ಫಾರ್ಮಿನ್ ಪಡೆದವರಲ್ಲಿ ಅತಿ ದೊಡ್ಡ ಶಿಶುಗಳು ಕಡಿಮೆ ಹುಟ್ಟಿದವು, ಅವಧಿಗೆ ತಕ್ಕಷ್ಟು ಬೆಳೆಯದವು ಮಾತ್ರ ಶೇ. 7ರಿಂದ 13ಕ್ಕೆ ಏರಿದವು. ತಾಯಿಯ ಸಕ್ಕರೆ ಹತೋಟಿಗೆ ಬಂದದ್ದೇ ಕಾರಣವಿರಬಹುದು ಎಂದು ವಾದಿಸಬಹುದು, ಅದನ್ನು ತಳ್ಳಿಹಾಕಲಾಗದು. ಆದರೆ ಶಕ್ತಿ ತಗ್ಗಿದ ಮಾಸು ಪೋಷಕಾಂಶ ಸಾಗಿಸುವುದರಲ್ಲಿ ಹಿಂದೆ ಬೀಳುವ ಸಾಧ್ಯತೆಯನ್ನೂ ಕಡೆಗಣಿಸಬಾರದು. ಇದು ನಮಗೆ ದೂರದ ಸಂಗತಿಯೂ ಅಲ್ಲ: ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ 1934ರಿಂದ 1954ರವರೆಗೆ ಹುಟ್ಟಿದವರ ಅಧ್ಯಯನದಲ್ಲಿ, ಕಡಿಮೆ ತೂಕದೊಂದಿಗೆ ಹುಟ್ಟಿದವರಲ್ಲಿ ಮುಂದೆ ಹೃದಯದ ಕಾಯಿಲೆ ಹೆಚ್ಚು ಕಂಡಿತ್ತು. ಆದ್ದರಿಂದ ಒಂದೇ ಮಾತ್ರೆಯನ್ನು ಎಲ್ಲ ಗರ್ಭಿಣಿಯರಿಗೂ ಒಂದೇ ತಕ್ಕಡಿಯಲ್ಲಿ ತೂಗುವಂತಿಲ್ಲ. ಅಮೆರಿಕದ ಮಧುಮೇಹ ಸಂಘದ ಮಾರ್ಗಸೂಚಿ, ರಕ್ತದೊತ್ತಡವಿರುವ ಅಥವಾ ಮಗುವಿನ ಬೆಳವಣಿಗೆ ಕುಂಠಿತಗೊಳ್ಳುವ ಅಪಾಯವಿರುವ ಗರ್ಭಿಣಿಯರಿಗೆ ಇದು ಬೇಡ ಎನ್ನುತ್ತದೆ. ದಕ್ಷಿಣ ಆಫ್ರಿಕಾದವರು ಪರೀಕ್ಷಿಸಿದ್ದು ಅಂಥವರನ್ನೇ.