ನೆಲದಡಿಯ ತಂತಿ: ಒಡೆಯುವ ಮುನ್ನ ಅಳೆಯಿರಿ

ಸವಣೂರು ತಾಲೂಕಿನ ಹತ್ತಿಮತ್ತೂರಿನ ಧಾನ್ಯ ವ್ಯಾಪಾರಸ್ಥರೊಬ್ಬರು ನಮ್ಮ ಕಚೇರಿಯ ಹಳೆಯ ಕಕ್ಷಿದಾರರು. ಎರಡು ವರ್ಷಗಳ ಹಿಂದೆ ಅವರ ಲೆಕ್ಕಪತ್ರಗಳನ್ನು ಪರಿಶೀಲಿಸುವಾಗ ದುರಸ್ತಿ ಖಾತೆಯಲ್ಲಿ ಅನಿರೀಕ್ಷಿತವಾಗಿ ದೊಡ್ಡ ಮೊತ್ತವೊಂದು ಕಂಡಿತು. ವಿಚಾರಿಸಿದಾಗ ಅವರು ವಿಷಾದದಿಂದ ನಕ್ಕು, “ಸಾಹೇಬ್ರ, ಕೆಟ್ಟದ್ದು ಒಂದ್ ಗೇಣು, ಒಡದದ್ದು ಅಂಗಡಿ ತುಂಬ” ಎಂದರು.

ಅಂಗಡಿಯ ಮುಂಭಾಗದ ಮೀಟರ್ ಬೋರ್ಡಿನಿಂದ ಹಿಂದಿನ ಉಗ್ರಾಣಕ್ಕೆ ಹೋಗುವ ವಿದ್ಯುತ್ ತಂತಿಯನ್ನು ಟೈಲ್ಸ್ ಹಾಸುವಾಗ ಪೈಪಿಲ್ಲದೆ ನೇರವಾಗಿ ಸಿಮೆಂಟು ಗಾರೆಯಲ್ಲಿ ಹೂತಿದ್ದರು. ಮಳೆಗಾಲದಲ್ಲಿ ಬೋರ್ಡಿನ ಆರ್.ಸಿ.ಸಿ.ಬಿ. ಮೇಲಿಂದ ಮೇಲೆ ಬೀಳತೊಡಗಿತು. ಬಂದ ವಾಯರಮನ್ ಅದನ್ನೇ ದೋಷವೆಂದು ಬಗೆದು ತೆಗೆದುಹಾಕಿದ. ಮೂರನೆಯ ದಿನ ಬರಿಗಾಲಿನಲ್ಲಿ ನೆಲ ಒರೆಸುತ್ತಿದ್ದ ಕೆಲಸದ ಹುಡುಗನಿಗೆ ವಿದ್ಯುತ್ ಸ್ಪರ್ಶವಾಯಿತು. ದೈವವಶಾತ್ ಅವನು ಉಳಿದ. ಗಾಬರಿಗೊಂಡ ಮಾಲೀಕರು ನೆಲವನ್ನೇ ಅಗೆಸಿದರು. ಶಟರಿನ ಚಿಲಕಕ್ಕಾಗಿ ಹೊಸ್ತಿಲ ಬಳಿ ಕೊರೆದ ರಂಧ್ರವೊಂದು ತಂತಿಯ ಹೊದಿಕೆಯನ್ನು ಸೀಳಿದ್ದು ಕೊನೆಗೆ ಪತ್ತೆಯಾಯಿತು. ಅಷ್ಟರಲ್ಲಿ ಸುಗ್ಗಿಯ ವ್ಯಾಪಾರ ಕೈತಪ್ಪಿತ್ತು. ಅದೇ ಬಣ್ಣದ ಟೈಲ್ಸ್ ಪೇಟೆಯಲ್ಲಿ ದೊರೆಯದೆ ಇಡೀ ಅಂಗಡಿಗೆ ಹೊಸದನ್ನು ಹಾಸಬೇಕಾಯಿತು.

ಅಳತೆಯ ಪಾಠ

ಇದಕ್ಕಿಂತ ಭಿನ್ನವಾದ ದುರಸ್ತಿಯೊಂದನ್ನು ಕಳೆದ ವರ್ಷ ಇಂಗ್ಲೆಂಡಿನಲ್ಲಿರುವ ನನ್ನ ಮಗಳ ಮನೆಯಲ್ಲಿ ಕಂಡೆ. ಚಳಿ ದೇಶಗಳಲ್ಲಿ ಸ್ನಾನಗೃಹದ ಟೈಲ್ಸಿನ ಅಡಿಯಲ್ಲಿ ನೆಲವನ್ನು ಬೆಚ್ಚಗಿಡುವ ವಿದ್ಯುತ್ ತಂತಿಯನ್ನು ಹಾವಿನಂತೆ ಬಳಸಿ ಹಾಸಿರುತ್ತಾರೆ. ಅಲ್ಲಿಯೂ ಬಾಗಿಲ ತಡೆಗಾಗಿ ಕೊರೆದ ರಂಧ್ರದಿಂದಲೇ ತಂತಿಗೆ ಪೆಟ್ಟಾಗಿತ್ತು. ಆದರೆ ಬಂದ ತಂತ್ರಜ್ಞ ಸುತ್ತಿಗೆಗೆ ಕೈ ಹಾಕಲಿಲ್ಲ. ಮೊದಲು ವಿದ್ಯುತ್ ಕಡಿದು, ಥರ್ಮೋಸ್ಟಾಟಿನಿಂದ ತಂತಿಯನ್ನು ಬೇರ್ಪಡಿಸಿ, ಮೀಟರ್ ಹೊರತೆಗೆದ.

ಅವನು ಮಾಡಿದ ಲೆಕ್ಕ ನಮ್ಮ ಕಿರ್ದಿ-ಖಾತೆಯ ತಾಳೆಯಂತೆಯೇ ಇತ್ತು. ಉದಾಹರಣೆಗೆ 40 ಮೀಟರ್ ಉದ್ದದ, 600 ವ್ಯಾಟಿನ ತಂತಿಯನ್ನು ತೆಗೆದುಕೊಳ್ಳೋಣ. 230 ವೋಲ್ಟಿನಲ್ಲಿ ಅದರ ರೋಧ ಸುಮಾರು 88 ಓಮ್ ಇರಬೇಕು. ಎರಡು ತುದಿಗಳ ನಡುವೆ ಅಷ್ಟೇ ಬಂದರೆ ತಂತಿ ತುಂಡಾಗಿಲ್ಲ. ಮುಂದೆ ಮೆಗ್ಗರಿನಿಂದ 500 ವೋಲ್ಟ್ ಕೊಟ್ಟು ಒಳತಂತಿಗೂ ಹೊರಗಿನ ಲೋಹಕವಚಕ್ಕೂ ನಡುವಿನ ನಿರೋಧವನ್ನು ಅಳೆಯಬೇಕು. ಅದು 1 ಮೆಗಾಓಮಿಗಿಂತ ಕೆಳಗಿಳಿದಿದ್ದರೆ ಸೋರಿಕೆ ಖಚಿತ.

ಸೋರಿಕೆ ಎಲ್ಲಿ? ಒಂದು ತುದಿಯಿಂದ ಕವಚಕ್ಕೆ ಅಳೆದಾಗ 30 ಓಮ್, ಇನ್ನೊಂದು ತುದಿಯಿಂದ ಅಳೆದಾಗ 66 ಓಮ್ ಬಂತೆನ್ನೋಣ. ಒಟ್ಟು 96. ತಂತಿಯ ರೋಧ 88 ಮಾತ್ರವಾದ್ದರಿಂದ ಹೆಚ್ಚುವರಿ 8 ಓಮ್ ಎಂದರೆ ದೋಷಸ್ಥಳದ 4 ಓಮ್ ಎರಡು ಸಲ ಎಣಿಕೆಯಾಗಿದೆ. 30ರಲ್ಲಿ 4 ಕಳೆದರೆ 26. 88ರಲ್ಲಿ 26 ಎಂದರೆ ಶೇಕಡಾ 30ಕ್ಕೆ ತುಸು ಕಡಿಮೆ. ಅಂದರೆ ಮೊದಲ ತುದಿಯಿಂದ ಸುಮಾರು 12 ಮೀಟರ್ ದೂರದಲ್ಲಿ ದೋಷವಿದೆ. ತಂತಿ ಹಾಸುವಾಗ ತೆಗೆದಿಟ್ಟ ಛಾಯಾಚಿತ್ರ ಇದ್ದರೆ ಆ 12 ಮೀಟರ್ ಯಾವ ಟೈಲ್ಸಿನ ಕೆಳಗೆ ಬರುತ್ತದೆಂದು ಎಣಿಸಬಹುದು. ದೋಷಸ್ಥಳದ ರೋಧ ಅಸ್ಥಿರವಾಗಿದ್ದರೆ ಅಥವಾ ತಂತಿ ತುಂಡಾಗಿದ್ದರೆ ಈ ಸರಳ ಲೆಕ್ಕ ಸಾಲದು. ಪ್ರತಿಫಲಿತ ಸ್ಪಂದನವನ್ನು ಅಳೆಯುವ ಉಪಕರಣ, ಉಷ್ಣತೆ ತೋರುವ ಕ್ಯಾಮರಾ ಬೇಕಾಗುತ್ತವೆ.

ಮಗಳ ಮನೆಯಲ್ಲಿ ಎಬ್ಬಿಸಿದ್ದು ಒಂದೇ ಟೈಲ್ಸ್. ಪೆಟ್ಟಾದ ಭಾಗವನ್ನು ಕತ್ತರಿಸಿ, ತಯಾರಕರೇ ಒದಗಿಸುವ ಜೋಡಣೆ ಸಾಮಗ್ರಿಯಿಂದ ಲೋಹದ ನಳಿಕೆಯಲ್ಲಿ ತಂತಿಯನ್ನು ಒತ್ತಿ ಕೂಡಿಸಿದ. ಬಿಸಿಗೆ ಕುಗ್ಗಿ ಅಂಟುವ ತೋಳನ್ನು ಅದರ ಮೇಲೆ ತೊಡಿಸಿ, ಹೊರಗಿನ ಲೋಹಕವಚವನ್ನೂ ಮರೆಯದೆ ಜೋಡಿಸಿದ. ಮುಚ್ಚುವ ಮೊದಲು ಮತ್ತೆ ಎರಡೂ ಅಳತೆಗಳನ್ನು ತೆಗೆದು ಬರೆದುಕೊಟ್ಟ. ಜೋಡಣೆಯ ಸುತ್ತ ಗಾಳಿ ಉಳಿದರೆ ಶಾಖ ಹೊರಹೋಗದೆ ಅದು ಮತ್ತೆ ಸುಡುವುದೆಂದು ಅಂಟುಗಾರೆಯನ್ನು ಸಂದಿಲ್ಲದೆ ತುಂಬಿದ. ಗಾರೆ ಪೂರ್ತಿ ಒಣಗುವವರೆಗೆ ಸ್ವಿಚ್ ಹಾಕಬೇಡಿರೆಂದು ಎಚ್ಚರಿಸಿ ಹೋದ.

ನಮ್ಮ ಊರಿಗೆ ಇದರ ಅನ್ವಯ

ನಮ್ಮ ಹವೆಯಲ್ಲಿ ನೆಲ ಬೆಚ್ಚಗಿಡುವ ಅಗತ್ಯವಿಲ್ಲವೆಂಬುದು ನಿಜ. ಬ್ಯಾಡಗಿಯ ಮೆಣಸಿನಕಾಯಿ ಶೈತ್ಯಾಗಾರಗಳೂ ಶೂನ್ಯ ಡಿಗ್ರಿಗಿಂತ ಮೇಲೆಯೇ ಇರುವುದರಿಂದ ಅಲ್ಲಿಗೂ ಬೇಡ. ಆದರೆ ಶೂನ್ಯಕ್ಕಿಂತ ಬಹಳ ಕೆಳಗೆ ಇಳಿಯುವ ಘನೀಕರಣ ಕೊಠಡಿಗಳಲ್ಲಿ ನೆಲದಡಿಯ ತೇವ ಹೆಪ್ಪುಗಟ್ಟಿ ನೆಲವನ್ನೇ ಎತ್ತಬಾರದೆಂದು ಇಂಥ ತಂತಿಗಳನ್ನು ಹಾಸುವುದುಂಟು. ಅಂಥ ಘಟಕ ಕಟ್ಟುವ ಸದಸ್ಯರು ಈ ದುರಸ್ತಿ ವಿಧಾನವನ್ನು ತಿಳಿದಿರಬೇಕು.

ಉಳಿದವರಿಗೆ ಪಾಠ ಇನ್ನೂ ಸುಲಭವಾಗಿದೆ. ಶಾಖದ ತಂತಿ ಹಾಸಿದಲ್ಲೇ ಇರಬೇಕು. ಆದ್ದರಿಂದ ಅದನ್ನು ಅಲ್ಲಿಯೇ ಕೂಡಿಸಬೇಕು. ಆದರೆ ವಿದ್ಯುತ್ ಸಾಗಿಸುವ ತಂತಿಗೆ ಆ ನಿರ್ಬಂಧವಿಲ್ಲ. ಹತ್ತಿಮತ್ತೂರಿನ ಅಂಗಡಿಯಲ್ಲಿ ಹಳೆಯ ತಂತಿಯನ್ನು ಎರಡೂ ತುದಿಗಳಲ್ಲಿ ಕಡಿದು ನೆಲದಲ್ಲೇ ಬಿಟ್ಟು, ಗೋಡೆಯ ಮೇಲೆ ಪೈಪಿನಲ್ಲಿ ಹೊಸ ತಂತಿ ಎಳೆದಿದ್ದರೆ ಒಂದು ಟೈಲ್ಸನ್ನೂ ಒಡೆಯಬೇಕಾಗಿರಲಿಲ್ಲ. ಮೊದಲೇ ಪೈಪಿನೊಳಗೆ ಹಾಕಿದ್ದರಂತೂ ಕೆಟ್ಟ ತಂತಿಯನ್ನು ಎಳೆದು ತೆಗೆದು ಹೊಸದನ್ನು ತೂರಿಸಬಹುದಿತ್ತು. ನಮ್ಮ ಎರೆ ಭೂಮಿ ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವ ಮಣ್ಣು. ತಳಪಾಯ ಬಲವಾಗಿಲ್ಲದಿದ್ದರೆ ನೆಲವೂ ಅದರೊಡನೆ ಅಲುಗುತ್ತದೆ. ಪೈಪಿಲ್ಲದ ತಂತಿ ಆ ಎಳೆತವನ್ನು ತಾಳದು.

ಎಲ್ಲಕ್ಕಿಂತ ಮುಖ್ಯವಾಗಿ, 30 ಮಿಲಿ ಆಂಪಿಯರ್ ಸೋರಿಕೆಗೆ ಬೀಳುವ ಆರ್.ಸಿ.ಸಿ.ಬಿ. ಬೀಳುತ್ತಿದ್ದರೆ ಅದು ಕಾವಲುಗಾರನ ಕೂಗು. ಕೂಗುವ ಕಾವಲುಗಾರನನ್ನು ಮನೆಗೆ ಕಳಿಸಿದರೆ ಕಳ್ಳ ಹೋಗುವುದಿಲ್ಲ. ಪರವಾನಗಿ ಹೊಂದಿದ ಗುತ್ತಿಗೆದಾರರಿಂದ ಕಾರಣ ಹುಡುಕಿಸಿರಿ. ಮೆಗ್ಗರ್ ಹಚ್ಚುವ ಮೊದಲು ವಿದ್ಯುತ್ ಕಡಿದಿರಬೇಕು, ಆ ಸಾಲಿಗೆ ಸೇರಿದ ಎಲೆಕ್ಟ್ರಾನಿಕ್ ಉಪಕರಣಗಳನ್ನು ಬೇರ್ಪಡಿಸಿರಬೇಕು.

ಲೆಕ್ಕಪುಸ್ತಕದಲ್ಲಿ

ಈಗ ನನ್ನ ಕ್ಷೇತ್ರಕ್ಕೆ ಬರುತ್ತೇನೆ. ಇರುವ ಆಸ್ತಿಯನ್ನು ಇದ್ದ ಸ್ಥಿತಿಯಲ್ಲಿ ಉಳಿಸಿಕೊಳ್ಳಲು ಮಾಡಿದ ವೆಚ್ಚ ಚಾಲ್ತಿ ದುರಸ್ತಿ. ಹೊಸ ಆಸ್ತಿಯನ್ನೋ ಹೊಸ ಅನುಕೂಲವನ್ನೋ ತಂದರೆ ಅದು ಬಂಡವಾಳ ವೆಚ್ಚ. ಸರವಣ ಸ್ಪಿನ್ನಿಂಗ್ ಮಿಲ್ಸ್ ಪ್ರಕರಣದಲ್ಲಿ 2007ರಲ್ಲಿ ಸುಪ್ರೀಂ ಕೋರ್ಟು, ನೂಲಿನ ಗಿರಣಿಯ ರಿಂಗ್ ಫ್ರೇಮ್ ತಾನೇ ಒಂದು ಸ್ವತಂತ್ರ ಯಂತ್ರವಾದ್ದರಿಂದ ಅದನ್ನು ಬದಲಿಸುವುದು ಚಾಲ್ತಿ ದುರಸ್ತಿಯಲ್ಲವೆಂದು ತೀರ್ಪಿತ್ತಿತು. 1961ರ ಆದಾಯ ತೆರಿಗೆ ಕಾಯ್ದೆಯ ಸ್ಥಾನದಲ್ಲಿ 2026ರ ಏಪ್ರಿಲ್ 1ರಿಂದ ಜಾರಿಯಾದ 2025ರ ಕಾಯ್ದೆಯಲ್ಲಿಯೂ ಈ ಭೇದ ಮುಂದುವರಿದಿದೆ.

ಆದಕಾರಣ ಒಂದು ಟೈಲ್ಸ್ ಎಬ್ಬಿಸಿ ತಂತಿ ಕೂಡಿಸಿದ ಖರ್ಚು ಆ ವರ್ಷದ ಲಾಭದಿಂದಲೇ ಕಳೆಯುತ್ತದೆ. ಸಂದರ್ಭವನ್ನು ಬಳಸಿಕೊಂಡು ಇಡೀ ಅಂಗಡಿಗೆ ಹೆಚ್ಚಿನ ದರ್ಜೆಯ ನೆಲ ಮಾಡಿಸಿದರೆ ಆ ವೆಚ್ಚ ಬಂಡವಾಳವೆನಿಸಿ, ಸವಕಳಿಯ ರೂಪದಲ್ಲಿ ವರ್ಷ ವರ್ಷ ತುಸು ತುಸುವೇ ದಕ್ಕಬಹುದು. ಜಿ.ಎಸ್.ಟಿ.ಯಲ್ಲಿಯೂ ಇದೇ ಕಥೆ. 2017ರ ಕಾಯ್ದೆಯ 17(5)ನೆಯ ಕಲಂ ಪ್ರಕಾರ ಸ್ವಂತ ಸ್ಥಿರಾಸ್ತಿಯ ನವೀಕರಣ ಅಥವಾ ದುರಸ್ತಿಯ ವೆಚ್ಚವನ್ನು ಬಂಡವಾಳಕ್ಕೆ ಸೇರಿಸಿದಷ್ಟರ ಮಟ್ಟಿಗೆ ಹೂಡುವಳಿ ತೆರಿಗೆ ಜಮೆ ಸಿಗುವುದಿಲ್ಲ. ನಮ್ಮ ಕಕ್ಷಿದಾರರ ಬಿಲ್ಲಿನಲ್ಲಿ ತಂತಿಯ ಕೆಲಸ, ಅಗೆತ, ಹೊಸ ಟೈಲ್ಸ್ ಎಲ್ಲವೂ ಒಂದೇ ಸಾಲಿನಲ್ಲಿದ್ದವು. ಬೇರೆ ಬೇರೆ ಬರೆಸಿದ್ದರೆ ದುರಸ್ತಿಯ ಪಾಲನ್ನಾದರೂ ಸಮರ್ಥಿಸಲು ಸುಲಭವಾಗುತ್ತಿತ್ತು.

ಸದಸ್ಯ ಬಾಂಧವರಲ್ಲಿ ವಿನಂತಿ ಇಷ್ಟೇ. ನೆಲ ಮುಚ್ಚುವ ಮೊದಲು ಗೋಡೆಯಿಂದ ಅಳತೆ ಪಟ್ಟಿ ಹಿಡಿದು ತಂತಿಯ ಹಾದಿಯ ಛಾಯಾಚಿತ್ರ ತೆಗೆಸಿರಿ. ರೋಧ, ನಿರೋಧಗಳ ಅಂಕಿಗಳನ್ನು ದಿನಾಂಕ ಸಹಿತ ಬರೆಸಿ, ಕಟ್ಟಡದ ಕಾಗದಪತ್ರಗಳ ಜೊತೆಗೆ ಇರಿಸಿರಿ. ನೆಲ ಕೊರೆಯಲು ಬಂದವನಿಗೆ ಮೊದಲು ಆ ಚಿತ್ರ ತೋರಿಸಿರಿ. ಕಣ್ಣಿಗೆ ಕಾಣುವ ಸರಕಿಗೆ ದಾಸ್ತಾನು ಪುಸ್ತಕವಿಡುವ ನಾವು, ಕಾಣದ ತಂತಿಗೆ ಒಂದು ಹಾಳೆಯನ್ನಾದರೂ ಇಡಬೇಕು. ಹತ್ತಿಮತ್ತೂರಿನ ಆ ಅಂಗಡಿಯಲ್ಲಿ ಈಗ ಅಂಥ ಹಾಳೆಯೊಂದು ಮೀಟರ್ ಬೋರ್ಡಿನ ಬಾಗಿಲ ಒಳಬದಿಗೆ ಅಂಟಿಕೊಂಡಿದೆ. ಅದರ ಪಕ್ಕದಲ್ಲಿ ಹೊಸ ಆರ್.ಸಿ.ಸಿ.ಬಿ. ಇದೆ, ಅದರ ಪರೀಕ್ಷಾ ಗುಂಡಿಯನ್ನು ಪ್ರತಿ ತಿಂಗಳ ಒಂದನೇ ತಾರೀಖು ಒತ್ತಿ ನೋಡುವವನು ಅದೇ ಹುಡುಗ.