ಜಾನುವಾರಿನ ರೋಗಾಣುವನ್ನು ಗುರುತಿಸುವ ಬಗೆ

ಕರ್ನಾಟಕದ ದನಕರುಗಳನ್ನು ಕೆಲವು ಗಂಟೆಗಳಿಂದ ಒಂದೆರಡು ದಿನಗಳೊಳಗೆ ಕೊಲ್ಲಬಲ್ಲ ಬ್ಯಾಕ್ಟೀರಿಯಾ ರೋಗಗಳಲ್ಲಿ ನೆರಡಿ, ಗಳಲೆ ಮತ್ತು ಚಪ್ಪೆ ಮುಖ್ಯವಾದವು. ಮೂರರಲ್ಲಿಯೂ ತೀವ್ರ ಜ್ವರವಿರುತ್ತದೆ, ಮೂರರಲ್ಲಿಯೂ ಸಾವು ಹಠಾತ್ತನೆ ಬರುತ್ತದೆ. ಆದರೆ ಒಂದೊಂದಕ್ಕೂ ಕಾರಣವಾದ ಸೂಕ್ಷ್ಮಜೀವಿ ಬೇರೆ, ಅದು ದೇಹದಲ್ಲಿ ಸಿಗುವ ಜಾಗ ಬೇರೆ, ಪರೀಕ್ಷೆಗೆ ತೆಗೆಯಬೇಕಾದ ಮಾದರಿಯೂ ಬೇರೆ. ರಿಂಡರ್‌ಪೆಸ್ಟ್ ಎಂಬ ದೊಡ್ಡರೋಗವನ್ನು ಎದುರಿಸಲು 1925ರಲ್ಲಿ ಮೈಸೂರು ಸೀರಂ ಇನ್‌ಸ್ಟಿಟ್ಯೂಟ್ ಎಂದು ಆರಂಭವಾಗಿ, ಇಂದು ಪಶು ಆರೋಗ್ಯ ಮತ್ತು ಪಶುವೈದ್ಯಕೀಯ ಜೈವಿಕ ಸಂಸ್ಥೆಯಾಗಿರುವ ಬೆಂಗಳೂರಿನ ಹೆಬ್ಬಾಳದ ಕೇಂದ್ರವು ಈ ಮೂರಕ್ಕೂ ಲಸಿಕೆ ತಯಾರಿಸುತ್ತದೆ. ಆದರೆ ಸತ್ತ ದನದಲ್ಲಿದ್ದುದು ಮೂರರಲ್ಲಿ ಯಾವುದು ಎಂದು ತಿಳಿಯದ ಹೊರತು ಸುತ್ತಲಿನ ಊರುಗಳಲ್ಲಿ ಯಾವ ಲಸಿಕೆ ಹಾಕಬೇಕೆಂಬುದು ತೀರ್ಮಾನವಾಗದು.

ನೆರಡಿಯ ಕಾರಣಕರ್ತವಾದ ಬ್ಯಾಸಿಲಸ್ ಆಂತ್ರಾಸಿಸ್‌ನ ಜೀವನಚಕ್ರವನ್ನು ಜರ್ಮನಿಯ ರಾಬರ್ಟ್ ಕಾಖ್ 1876ರಲ್ಲಿ ವಿವರಿಸಿದರು. ಸಾಯುವ ಹೊತ್ತಿಗೆ ದನದ ರಕ್ತದಲ್ಲಿ ಈ ದಂಡಾಣುಗಳು ತುಂಬಿರುತ್ತವೆ. ಶವವನ್ನು ಕೊಯ್ದರೆ ಗಾಳಿಯ ಆಮ್ಲಜನಕ ತಾಗಿ ಅವು ಗಟ್ಟಿ ಕವಚದ ಬೀಜಾಣುಗಳಾಗಿ ಮಾರ್ಪಟ್ಟು ಮಣ್ಣಿನಲ್ಲಿ ದಶಕಗಳ ಕಾಲ ಉಳಿಯುತ್ತವೆ. ಆದ್ದರಿಂದ ಮೂಗು, ಗುದದ್ವಾರಗಳಿಂದ ಹೆಪ್ಪುಗಟ್ಟದ ಕಪ್ಪು ರಕ್ತ ಸೋರುತ್ತಿರುವ ಶವವನ್ನು ತೆರೆಯಬಾರದೆಂಬುದು ಪಶುವೈದ್ಯರ ಕಟ್ಟುನಿಟ್ಟಾದ ನಿಯಮ. ಕಿವಿಯ ರಕ್ತನಾಳವನ್ನು ಚುಚ್ಚಿ ತೆಗೆದ ಒಂದು ಹನಿ ರಕ್ತವನ್ನು ಗಾಜಿನ ಪಟ್ಟಿಯ ಮೇಲೆ ತೆಳ್ಳಗೆ ಸವರಿ ಒಣಗಿಸಿದರೆ ಮೊದಲ ಪರೀಕ್ಷೆಗೆ ಅಷ್ಟೇ ಸಾಕು. ಬ್ರಿಟನ್ನಿನ ಪಶುವೈದ್ಯ ವಿಜ್ಞಾನಿ ಜಾನ್ ಮೆಕ್‌ಫೇಡಿಯನ್ 1903ರಲ್ಲಿ ತಿಳಿಸಿದ ವಿಧಾನದಂತೆ ಹಳೆಯದಾಗಿ ಮಾಗಿದ ಮೆಥಿಲೀನ್ ನೀಲಿ ಬಣ್ಣವನ್ನು ಈ ಲೇಪದ ಮೇಲೆ ಹಾಕಿದಾಗ, ಚೌಕನೆಯ ತುದಿಗಳ ನೀಲಿ ದಂಡಾಣುಗಳೂ ಅವುಗಳ ಸುತ್ತ ಕಣಕಣವಾದ ಗುಲಾಬಿ ವಸ್ತುವೂ ಕಾಣುತ್ತವೆ. ಆ ಗುಲಾಬಿ ವಸ್ತುವೇ ರೋಗಾಣುವಿನ ಹೊರಹೊದಿಕೆ, ಅಂದರೆ ಅದನ್ನು ಪ್ರಾಣಿಯ ರಕ್ಷಣಾ ಕೋಶಗಳಿಂದ ಕಾಪಾಡುವ ಪದರ.

ನೂರು ವರ್ಷ ದಾಟಿದರೂ ಈ ಪರೀಕ್ಷೆ ಹಳತಾಗದಿರುವುದಕ್ಕೆ ಅದರ ಸರಳತೆಯೇ ಕಾರಣ. ಆದರೆ ಅದು ಕಾಲಕ್ಕೆ ಕಟ್ಟುಬಿದ್ದದ್ದು. ತೆರೆಯದ ಶವ ಕೊಳೆಯತೊಡಗಿದಂತೆ ನೆರಡಿಯ ದಂಡಾಣುಗಳು ಕೆಲವೇ ದಿನಗಳಲ್ಲಿ ಸಾಯುತ್ತವೆ, ಕರುಳಿನಲ್ಲಿದ್ದ ಕ್ಲಾಸ್ಟ್ರಿಡಿಯಂ ಜಾತಿಯ ಬ್ಯಾಕ್ಟೀರಿಯಾಗಳು ರಕ್ತಕ್ಕೆ ನುಗ್ಗುತ್ತವೆ. ಅವೂ ದಪ್ಪ ದಂಡಾಕಾರದವೇ ಆಗಿರುವುದರಿಂದ, ತಡವಾಗಿ ತೆಗೆದ ಲೇಪದಲ್ಲಿ ಹೊದಿಕೆಯನ್ನು ಹುಡುಕದೆ ಬರಿಯ ಆಕಾರ ನೋಡಿ ಹೆಸರಿಟ್ಟವರು ಮೋಸಹೋಗುತ್ತಾರೆ.

ಸಂಶಯ ಉಳಿದರೆ ಕೃಷಿ, ಅಂದರೆ ರೋಗಾಣುವನ್ನು ಪೋಷಕ ಮಾಧ್ಯಮದಲ್ಲಿ ಬೆಳೆಸುವ ಕ್ರಮ, ಅನಿವಾರ್ಯವಾಗುತ್ತದೆ. ಸೂಕ್ತ ಸುರಕ್ಷತೆಯಿರುವ ಪ್ರಯೋಗಾಲಯದಲ್ಲಿ, ಕುರಿಯ ರಕ್ತ ಬೆರೆಸಿದ ಅಗಾರ್ ತಟ್ಟೆಯ ಮೇಲೆ 37 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ರಾತ್ರಿ ಇಟ್ಟರೆ, ಬಾಚದ ಕೂದಲಿನಂತೆ ಅಂಚು ಸುರುಳಿಗೊಂಡ ಬೂದುಬಣ್ಣದ ಸಮೂಹಗಳು ಮೂಡುತ್ತವೆ. ಮಣ್ಣಿನಲ್ಲಿ ಎಲ್ಲೆಲ್ಲೂ ಇರುವ ಬ್ಯಾಸಿಲಸ್ ಸೀರಿಯಸ್ ಎಂಬ ದಾಯಾದಿಯ ಸಮೂಹವೂ ಹೆಚ್ಚುಕಡಿಮೆ ಹೀಗೆಯೇ ಕಾಣುತ್ತದೆ. ಆದರೆ ಅದು ರಕ್ತಕಣಗಳನ್ನು ಒಡೆದು ಸುತ್ತ ತಿಳಿಯಾದ ವಲಯವನ್ನುಂಟುಮಾಡುತ್ತದೆ, ಸಾಮಾನ್ಯವಾಗಿ ಚಲಿಸುತ್ತದೆ, ಪೆನ್ಸಿಲಿನ್‌ಗೆ ಜಗ್ಗುವುದಿಲ್ಲ. ನೆರಡಿಯ ಅಣು ಈ ಮೂರರಲ್ಲೂ ವಿರುದ್ಧವಾಗಿ ನಡೆದುಕೊಳ್ಳುತ್ತದೆ. ಸಾಮಾನ್ಯ ತಟ್ಟೆಯ ಮೇಲೆ ಅದು ತನ್ನ ಹೊದಿಕೆಯನ್ನು ನೇಯುವುದೇ ಇಲ್ಲ. ಬೈಕಾರ್ಬೋನೇಟ್ ಸೇರಿಸಿ ಇಂಗಾಲದ ಡೈಆಕ್ಸೈಡ್ ಒದಗಿಸಿದಾಗ ಮಾತ್ರ, ಪ್ರಾಣಿಯ ದೇಹದೊಳಗಿದ್ದೇನೆಂಬ ಭ್ರಮೆಗೊಳಗಾದಂತೆ, ಅದನ್ನು ತೊಡುತ್ತದೆ.

ಗಳಲೆಯ ಪಾಶ್ಚುರೆಲ್ಲಾ ಮಲ್ಟೊಸಿಡಾ ರಕ್ತಲೇಪದಲ್ಲಿ ಎರಡು ತುದಿಗಳಲ್ಲಷ್ಟೇ ಗಾಢವಾಗಿ ಬಣ್ಣ ಹಿಡಿಯುವ ಪುಟ್ಟ ದಂಡಾಣು. ಶವ ಕೊಳೆತಿದ್ದರೆ ಉದ್ದ ಮೂಳೆಯೊಂದನ್ನು ಪ್ರಯೋಗಾಲಯಕ್ಕೆ ಕಳುಹಿಸುವ ಪದ್ಧತಿಯಿದೆ, ಏಕೆಂದರೆ ಮಜ್ಜೆಗೆ ಕೊಳೆಯುವಿಕೆಯ ಬ್ಯಾಕ್ಟೀರಿಯಾಗಳು ತಡವಾಗಿ ತಲುಪುತ್ತವೆ. ಚಪ್ಪೆರೋಗದ ಕ್ಲಾಸ್ಟ್ರಿಡಿಯಂ ಶೋವಿಯೈ ಆಮ್ಲಜನಕವಿಲ್ಲದೆಡೆ ಬೆಳೆಯುವುದರಿಂದ, ಊದಿಕೊಂಡ ಮಾಂಸಖಂಡದ ತುಣುಕೇ ಅದರ ಮಾದರಿ.

ಕೆಚ್ಚಲು ಬಾವಿನಲ್ಲಿ ತೊಡಕು ಬೇರೆ ಬಗೆಯದು. ಅಲ್ಲಿ ಬ್ಯಾಕ್ಟೀರಿಯಾ ಸಿಗುವುದು ಕಷ್ಟವಲ್ಲ, ಸಿಕ್ಕಿದ್ದೇ ಅಪರಾಧಿಯೆಂದು ಹೇಳುವುದು ಕಷ್ಟ. ಮೊಲೆತೊಟ್ಟನ್ನು ತೊಳೆದು ಒರೆಸಿ, ತುದಿಗೆ ಸ್ಪಿರಿಟ್ ಸವರಿ, ಮೊದಲ ಕೆಲವು ಸೆಳೆತದ ಹಾಲನ್ನು ಚೆಲ್ಲಿ, ನಂತರದ್ದನ್ನು ಕ್ರಿಮಿಶುದ್ಧ ಶೀಸೆಗೆ ಹಿಡಿದು ಮಂಜುಗಡ್ಡೆಯಲ್ಲಿಟ್ಟು ಕಳುಹಿಸದಿದ್ದರೆ ತಟ್ಟೆಯ ಮೇಲೆ ಬೆಳೆಯುವುದು ಸಗಣಿಯ ಮತ್ತು ಕೈಯ ಸೂಕ್ಷ್ಮಜೀವಿಗಳೇ. ಒಂದೇ ಮಾದರಿಯಲ್ಲಿ ಮೂರು ಅಥವಾ ಹೆಚ್ಚು ಬಗೆಯವು ಬೆಳೆದರೆ ಅದನ್ನು ಕಲುಷಿತವೆಂದು ಬದಿಗಿಡುವುದು ರೂಢಿ. ಶುದ್ಧವಾಗಿ ಬೆಳೆದದ್ದಕ್ಕೆ ಡೆನ್ಮಾರ್ಕಿನ ಹಾನ್ಸ್ ಕ್ರಿಶ್ಚಿಯನ್ ಗ್ರಾಂ 1884ರಲ್ಲಿ ಪ್ರಕಟಿಸಿದ ಬಣ್ಣದ ಪರೀಕ್ಷೆ ನಡೆಯುತ್ತದೆ: ದಪ್ಪ ಕೋಶಭಿತ್ತಿಯುಳ್ಳವು ಆಲ್ಕೋಹಾಲಿನಿಂದ ತೊಳೆದರೂ ನೇರಳೆಯಾಗಿ ಉಳಿಯುತ್ತವೆ, ತೆಳು ಭಿತ್ತಿಯವು ಬಣ್ಣ ಕಳೆದುಕೊಂಡು ಬಳಿಕ ಹಾಕುವ ಕೆಂಪನ್ನು ಹೀರುತ್ತವೆ. ನೇರಳೆಯ ಗುಂಡಾಣುಗಳಿಗೆ ಹೈಡ್ರೋಜನ್ ಪೆರಾಕ್ಸೈಡ್ ತಾಗಿಸಿದಾಗ ಗುಳ್ಳೆಯೆದ್ದರೆ ಸ್ಟೆಫೈಲೋಕಾಕಸ್, ಏಳದಿದ್ದರೆ ಬಹುಶಃ ಸ್ಟ್ರೆಪ್ಟೋಕಾಕಸ್. ಮೊದಲನೆಯದು ಮೊಲದ ರಕ್ತದ ಪ್ಲಾಸ್ಮಾವನ್ನು ಹೆಪ್ಪುಗಟ್ಟಿಸಿದರೆ ಹಠಮಾರಿ ಬಾವನ್ನುಂಟುಮಾಡುವ ಸ್ಟೆಫೈಲೋಕಾಕಸ್ ಆರಿಯಸ್ ಎಂಬ ಸಂಶಯ ಬಲವಾಗುತ್ತದೆ. ಈ ಆರಿಯಸ್ ಹಾಲಿನಲ್ಲಿ ಬಿಟ್ಟುಬಿಟ್ಟು ಹೊರಬರುವುದರಿಂದ, ಒಂದು ಬಾರಿಯ ಪರೀಕ್ಷೆಯಲ್ಲಿ ಸಿಗದಿದ್ದ ಮಾತ್ರಕ್ಕೆ ಹಸು ನಿರೋಗಿಯೆನ್ನುವಂತಿಲ್ಲ.

ಗರ್ಭಪಾತಕ್ಕೆ ಕಾರಣವಾಗುವ ಬ್ರುಸೆಲ್ಲಾವನ್ನು ಬೆಳೆಸುವುದು ನಿಧಾನದ ಕೆಲಸವಷ್ಟೇ ಅಲ್ಲ, ಪ್ರಯೋಗಾಲಯದವರಿಗೇ ಸೋಂಕು ತಗುಲಿಸಬಲ್ಲ ಕೆಲಸ. ಅದಕ್ಕಾಗಿ ದಿನನಿತ್ಯದ ತಪಾಸಣೆಯಲ್ಲಿ ಅಣುವನ್ನು ಬಿಟ್ಟು, ಅದರ ವಿರುದ್ಧ ಹಸುವಿನ ರಕ್ತದಲ್ಲಿ ಹುಟ್ಟಿದ ಪ್ರತಿಕಾಯಗಳನ್ನು ರೋಸ್ ಬೆಂಗಾಲ್ ಪರೀಕ್ಷೆಯಿಂದ ಹುಡುಕಲಾಗುತ್ತದೆ.

ಶಿಲೀಂಧ್ರಗಳ ವಿಚಾರದಲ್ಲಿ ಬೇಕಾದದ್ದು ತಾಳ್ಮೆ. ಕರುಗಳ ಕಣ್ಣಿನ ಸುತ್ತ ಬೂದುಬಣ್ಣದ ಹಕ್ಕಳೆಯಾಗಿ ಕಾಣುವ ಗಜಕರ್ಣದಲ್ಲಿ, ಗಾಯದ ನಡುವಿನ ಬದಲು ಸಕ್ರಿಯವಾಗಿ ಹರಡುತ್ತಿರುವ ಅಂಚಿನಿಂದ ಹಕ್ಕಳೆಯನ್ನೂ ಮುರಿದ ಕೂದಲನ್ನೂ ಕೆರೆದು ಕಾಗದದ ಲಕೋಟೆಯಲ್ಲಿ ಕಳುಹಿಸಬೇಕು. ಮುಚ್ಚಿದ ಪ್ಲಾಸ್ಟಿಕ್ಕಿನ ತೇವದಲ್ಲಿ ಬೂಷ್ಟು ರೋಗಾಣುವನ್ನು ಮೀರಿ ಬೆಳೆಯುತ್ತದೆ. ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣ ಕೆರಟಿನ್ ಎಂಬ ಕೂದಲಿನ ಪ್ರೋಟೀನನ್ನು ಕರಗಿಸಿದಾಗ ಕೂದಲನ್ನು ಸುತ್ತುವರಿದ ಬೀಜಕಣಗಳ ಸಾಲು ಸೂಕ್ಷ್ಮದರ್ಶಕದಲ್ಲಿ ಕಾಣುತ್ತದೆ. ಚರ್ಮದ ಶಿಲೀಂಧ್ರಗಳನ್ನು ಸಾಮಾನ್ಯವಾಗಿ ಸಬೊರೊ ಅಗಾರ್‌ನಲ್ಲಿ 25ರಿಂದ 30 ಡಿಗ್ರಿಯಲ್ಲಿ ವಾರಗಟ್ಟಲೆ ಇಡುತ್ತಾರೆ. ದನಗಳ ಟ್ರೈಕೋಫೈಟಾನ್ ವೆರುಕೋಸಮ್‌ಗಾದರೋ 37 ಡಿಗ್ರಿಯ ಶಾಖವೂ ಥಯಾಮಿನ್ ಎಂಬ ಜೀವಸತ್ವವೂ ಬೇಕು, ಎಷ್ಟೋ ತಳಿಗಳಿಗೆ ಇನಾಸಿಟಾಲ್ ಸಹ. ಇದನ್ನು ಮರೆತ ಪ್ರಯೋಗಾಲಯದಲ್ಲಿ ತಟ್ಟೆ ಖಾಲಿಯಾಗಿಯೇ ಉಳಿಯುತ್ತದೆ. ಕೋಳಿಮರಿಗಳ ಶ್ವಾಸಕೋಶವನ್ನು ಹಾಳುಮಾಡುವ ಆಸ್ಪರ್ಜಿಲಸ್ ಫ್ಯೂಮಿಗೇಟಸ್‌ನದು ತಿರುಗುಮುರುಗಾದ ಕಥೆ: ಅದರ ಬೀಜಕಣಗಳು ಗಾಳಿಯಲ್ಲೇ ತೇಲುತ್ತಿರುವುದರಿಂದ ತಟ್ಟೆಯ ಮೇಲಿನ ಒಂದು ಸಮೂಹ ಏನನ್ನೂ ಸಾಬೀತುಪಡಿಸದು, ಶ್ವಾಸಕೋಶದ ಗಂಟುಗಳೊಳಗೆ ಕವಲೊಡೆದ ಎಳೆಗಳು ಕಂಡಾಗಲೇ ಆರೋಪಕ್ಕೆ ಬಲ ಬರುತ್ತದೆ.

ಈಚಿನ ಮಾಲ್ಡಿ-ಟಾಫ್ ಯಂತ್ರವು ಸಮೂಹದ ಒಂದು ಕಣವನ್ನು ಲೇಸರ್‌ನಿಂದ ಚದುರಿಸಿ, ಪ್ರೋಟೀನುಗಳು ನಳಿಕೆಯಲ್ಲಿ ಸಾಗುವ ವೇಗದಿಂದ ಅವುಗಳ ತೂಕ ಅಳೆದು, ಆ ವಿನ್ಯಾಸವನ್ನು ತನ್ನ ಸಂಗ್ರಹದೊಂದಿಗೆ ಹೋಲಿಸಿ ಕೆಲವೇ ನಿಮಿಷಗಳಲ್ಲಿ ಹೆಸರು ಹೇಳುತ್ತದೆ. ಸಂಗ್ರಹದಲ್ಲಿಲ್ಲದ ಜೀವಿಗೆ ಅದು ಹೆಸರಿಡಲಾರದು, ನೆರಡಿಯ ಅಣುವನ್ನು ಸೀರಿಯಸ್‌ನಿಂದ ಬೇರ್ಪಡಿಸುವಲ್ಲಿಯೂ ತಡವರಿಸುತ್ತದೆ. ಆ ಬೇರ್ಪಡಿಕೆಗೆ ನೆರಡಿಯ ವಿಷ ಮತ್ತು ಹೊದಿಕೆಯ ಜೀನ್‌ಗಳನ್ನೇ ಹುಡುಕುವ ಪಿಸಿಆರ್ ಹೆಚ್ಚು ನಂಬಿಕಸ್ಥ.

ಯಂತ್ರ ಯಾವುದೇ ಇರಲಿ, ಮಾದರಿಯ ಜೊತೆ ಹೋಗುವ ಚೀಟಿಗೆ ಸಿಗಬೇಕಾದ ಗಮನ ಸಿಗುವುದು ಅಪರೂಪ. ಪ್ರಾಣಿಯ ವಯಸ್ಸು, ಲಕ್ಷಣಗಳು, ಸತ್ತ ಸಮಯ, ಮಾದರಿ ತೆಗೆದ ಸಮಯಗಳ ಜೊತೆಗೆ ಈಗಾಗಲೇ ಕೊಟ್ಟ ಆ್ಯಂಟಿಬಯೋಟಿಕ್‌ನ ಹೆಸರೂ ಅದರಲ್ಲಿರಬೇಕು. ಹಿಂದಿನ ದಿನ ಚುಚ್ಚಿದ ಔಷಧಿಯು ರೋಗಾಣುವನ್ನು ಪೂರ್ತಿ ಕೊಲ್ಲದೆಯೂ ತಟ್ಟೆಯ ಮೇಲೆ ಏಳದಂತೆ ತಡೆಯಬಲ್ಲದು. ಚೀಟಿಯಲ್ಲಿ ಆ ಸಂಗತಿಯಿಲ್ಲದಿದ್ದರೆ "ಬೆಳವಣಿಗೆ ಇಲ್ಲ" ಎಂಬ ವರದಿಯನ್ನು ರೋಗಾಣುವಿಲ್ಲವೆಂದು ಓದಬೇಕೋ ಔಷಧಿಯ ಪರಿಣಾಮವೆಂದು ಓದಬೇಕೋ ಎಂಬುದನ್ನು ವರದಿ ಬರೆದವರೂ ಹೇಳಲಾರರು.